ಕೊಡಗಿನ ಜೀವದಾಖಲೆಗಳನ್ನು ಒಂದೇ ದಾರಕ್ಕೆ ಪೋಣಿಸಿ: ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಕೊಡಗು ಜಿಲ್ಲಾಧಿಕಾರಿಗಳಿಗೆ, ಕರ್ನಾಟಕ ಜೀವವೈವಿಧ್ಯ ಮಂಡಳಿಯವರಿಗೆ, ಕಾಫಿ ಮಂಡಳಿಯವರಿಗೆ ಹಾಗೂ ಜಿಲ್ಲೆಯ ಎಲ್ಲ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರಿಗೆ,

ನಮಸ್ಕಾರಗಳು.

ನಾನು ಕಾಫಿ ಬೆಳೆಗಾರರ ಮನೆಯವಳು. ಜೀವನೋಪಾಯಕ್ಕೆ ಮಾಡುವುದು ಬಯೋಇನ್‌ಫರ್ಮ್ಯಾಟಿಕ್ಸ್ ಕೆಲಸ, ಅಂದರೆ ಜೀವಿಗಳ ಕುರಿತ ದೊಡ್ಡ ದೊಡ್ಡ ದತ್ತಸಂಚಯಗಳನ್ನು (ಡೇಟಾಬೇಸ್) ಜೋಡಿಸಿ, ಅವುಗಳಲ್ಲಿ ಅಡಗಿರುವ ಸಂಬಂಧಗಳನ್ನು ಹುಡುಕುವುದು. ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಕೊಡಗಿನ ಗಿಡಮರ, ಕೀಟ, ಬೆಳೆರೋಗ, ಮಳೆ ಇವುಗಳ ಬಗ್ಗೆ ಬೇರೆ ಬೇರೆ ಇಲಾಖೆಗಳಲ್ಲಿ ಈಗಾಗಲೇ ಇರುವ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಮಾಡಿ, ಪ್ರತಿ ಜೀವಿಗೂ ಎಲ್ಲರೂ ಒಪ್ಪುವ ಒಂದು ಗುರುತಿನ ಸಂಖ್ಯೆ ಕೊಟ್ಟು, ಒಂದಕ್ಕೊಂದು ಕೊಂಡಿ ಹಾಕಿ. ಹೊಸ ಕಟ್ಟಡ ಬೇಡ. ಹೊಸ ಸಮೀಕ್ಷೆಯೂ ಸದ್ಯಕ್ಕೆ ಬೇಡ.

ನಮ್ಮಲ್ಲಿ ಏನಿಲ್ಲ ಹೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಅದೇ ಊರಿನಲ್ಲಿ ತೋಟಗಾರಿಕೆಯ ಕೇಂದ್ರೀಯ ಪ್ರಯೋಗ ಕೇಂದ್ರವೂ ಇದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ನಮ್ಮ ದೇವರಕಾಡುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸುಮಾರು 2,550 ಹೆಕ್ಟೇರಿನಲ್ಲಿ ಹರಡಿರುವ 1,214 ದೇವರಕಾಡುಗಳು ಈ ಪುಟ್ಟ ಜಿಲ್ಲೆಯಲ್ಲಿವೆ. ಮರ ಕಡಿಯಲು ಕೊಟ್ಟ ಅನುಮತಿಗಳ ಕಡತ ಅರಣ್ಯ ಇಲಾಖೆಯಲ್ಲಿದೆ. ಇನ್ನು ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಇಂಚು, ಸೆಂಟ್ಸ್ (ಇಂಚಿನ ನೂರನೇ ಭಾಗ) ಲೆಕ್ಕದಲ್ಲಿ ಬರೆದಿಟ್ಟ ಮಳೆ ಪುಸ್ತಕಗಳು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಅದರ ಹಿಂದೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದು ಅಲ್ಲಿ ಸಿಗುವಷ್ಟು ವಿವರವಾಗಿ ಬೇರೆಲ್ಲೂ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದೂ ಒಂದು ದಾಖಲೆಯಲ್ಲಿರುವುದು ಇನ್ನೊಂದಕ್ಕೆ ತಿಳಿಯದು. ಕೆಲವು ಸಮಯದ ಹಿಂದೆ ಒಂದು ಕಚೇರಿಯಲ್ಲಿ ಇಂಥದೊಂದು ದಾಖಲಾತಿಯ ಪ್ರತಿ ಕೇಳಿ ಪಡೆದೆ. ಪುಟಗಳನ್ನು ಸ್ಕ್ಯಾನ್ ಮಾಡಿದ ಚಿತ್ರಗಳು ಅವು. ಸ್ಥಳೀಯ ಹೆಸರಿನ ಅಂಕಣ ತುಂಬಿತ್ತು, ಉಪಯೋಗದ ಅಂಕಣದಲ್ಲಿ ‘ಔಷಧಿ’ ಎಂಬ ಒಂದೇ ಪದ ಮೇಲಿಂದ ಕೆಳಗಿನವರೆಗೂ ಇತ್ತು, ವೈಜ್ಞಾನಿಕ ಹೆಸರಿನ ಅಂಕಣ ಮುಕ್ಕಾಲು ಪಾಲು ಖಾಲಿ. ಜೊತೆಗೆ ಕೊಟ್ಟ ಕಡತ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್ ಅಲ್ಲ. ‘ಹಲಸು’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಕಣ್ಣೆದುರಿಗೆ ಹತ್ತು ಕಡೆ ಹಲಸು ಇದ್ದರೂ. ಆ ದಾಖಲಾತಿಗಾಗಿ ಊರೂರು ಅಲೆದವರ ಶ್ರಮ ನೆನೆದು ಹೊಟ್ಟೆ ಉರಿಯಿತು.

ಜೋಡಿಸುವುದರಿಂದ ಏನು ಲಾಭ ಎಂದು ಕೇಳುವವರಿಗೆ 1986ರ ಒಂದು ಕೆಲಸವನ್ನು ನೆನಪಿಸುತ್ತೇನೆ. ಶಿಕಾಗೊ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್ ವೈದ್ಯರಲ್ಲ, ಮಾಹಿತಿ ವಿಜ್ಞಾನಿ. ಚಳಿಗೆ ಬೆರಳುಗಳ ರಕ್ತನಾಳ ಬಿಗಿದು ಬೆರಳು ಬಿಳಿಚುವ ರೇನೋ ಎಂಬ ಕಾಯಿಲೆಯ ಪ್ರಬಂಧಗಳನ್ನು ಅವರು ಓದಿದರು. ಈ ರೋಗಿಗಳ ರಕ್ತ ಮಂದವಾಗಿರುತ್ತದೆ ಎಂದು ಅಲ್ಲಿತ್ತು. ಮೀನಿನ ಎಣ್ಣೆಯ ಕುರಿತ ಬೇರೆಯೇ ಪ್ರಬಂಧಗಳಲ್ಲಿ, ಅದು ರಕ್ತದ ಮಂದತನ ಕಡಿಮೆ ಮಾಡುತ್ತದೆ ಎಂದಿತ್ತು. ಎರಡೂ ಗ್ರಂಥಾಲಯದಲ್ಲಿ ಬಹಿರಂಗವಾಗಿಯೇ ಇದ್ದವು, ಆದರೆ ಇವರು ಬರೆದದ್ದನ್ನು ಅವರು ಓದಿರಲಿಲ್ಲ. ಹಾಗಾದರೆ ಮೀನಿನ ಎಣ್ಣೆ ಈ ರೋಗಿಗಳಿಗೆ ನೆರವಾಗಬಹುದಲ್ಲ ಎಂದು ಸ್ವಾನ್ಸನ್ ಬರೆದರು. 1989ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪ್ರಯೋಗ ಅದಕ್ಕೆ ಬೆಂಬಲ ಕೊಟ್ಟಿತು. 1988ರಲ್ಲಿ ಅವರೇ ಮೈಗ್ರೇನ್ ಮತ್ತು ಮೆಗ್ನೀಸಿಯಂ ನಡುವೆ ಯಾರೂ ಗಮನಿಸದ ಹನ್ನೊಂದು ಕೊಂಡಿಗಳನ್ನು ತೋರಿಸಿದರು. ಪ್ರಯೋಗಾಲಯವಿಲ್ಲದೆ, ಬರೀ ಓದಿ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಎರಡನ್ನೂ ಒಟ್ಟಿಗಿಟ್ಟು ನೋಡಿದ್ದರಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ದಾರಿ ಸಿಕ್ಕಿತು, ಉಣ್ಣೆ ಹುಳದಿಂದ ಹರಡುವ ಹೊಸ ವೈರಸ್ ಪತ್ತೆಯಾಯಿತು. ಇಂದಿಗೂ ಮಂಗ ಸತ್ತ ಸುದ್ದಿ ಒಂದು ಇಲಾಖೆಗೆ, ಜ್ವರದ ಲೆಕ್ಕ ಇನ್ನೊಂದು ಇಲಾಖೆಗೆ ಹೋಗುತ್ತದೆ. ಅವೆರಡೂ ಅದೇ ವಾರ ಒಂದೇ ನಕ್ಷೆಯ ಮೇಲೆ ಬರಬೇಕು ಎನ್ನುವುದು ಅತಿಯಾಸೆಯಲ್ಲ.

ಕೊಂಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಅಡುಗೆಮನೆಯಿಂದಲೇ ತೋರಿಸುತ್ತೇನೆ. ಕಾಚಂಪುಳಿ ಎಂಬ ಕಪ್ಪು ಹುಳಿಯಿಲ್ಲದೆ ನಮ್ಮ ಹಂದಿಮಾಂಸದ ಪಂದಿಕರಿ ಇಲ್ಲ. ಮಳೆಗಾಲದಲ್ಲಿ ಮರದಡಿ ಉದುರಿದ ಹಣ್ಣನ್ನು ಆಯ್ದು ತಂದು, ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುವ ರಸವನ್ನು ಒಲೆಯ ಮೇಲೆ ಕಪ್ಪಗೆ ಮಂದವಾಗುವವರೆಗೂ ಕುದಿಸಿ ಶೀಶೆಗೆ ತುಂಬುತ್ತೇವೆ. ಮಲೆನಾಡಿನ ಬೇರೆ ಕಡೆ ಈ ಮರ ಉಪ್ಪಾಗೆ. ಇಂದಿನ ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯಾ ಗಮ್ಮಿ-ಗಟ್ಟಾ, ಹಳೆಯ ಪ್ರಬಂಧಗಳಲ್ಲಿ ಗಾರ್ಸೀನಿಯಾ ಕ್ಯಾಂಬೋಜಿಯಾ. ಇವೆಲ್ಲ ಒಂದೇ ಮರ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಕೊಡದಿದ್ದರೆ ಅರ್ಧ ಜ್ಞಾನ ಅಲ್ಲೇ ಕಳೆದುಹೋಗುತ್ತದೆ. ಹೇಳಿಕೊಟ್ಟರೆ ಮುಂದಿನ ಹೆಜ್ಜೆ ಸಲೀಸು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್, ಈ ಹಣ್ಣಿನ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಆ ಆಮ್ಲ ರಾಸಾಯನಿಕಗಳ ದತ್ತಸಂಚಯದಲ್ಲಿದೆ. ನಮ್ಮ ದೇಹದಲ್ಲಿ ಕೊಬ್ಬು ಮತ್ತು ಕೊಲೆಸ್ಟ್ರಾಲ್ ತಯಾರಿಗೆ ಕಚ್ಚಾವಸ್ತು ಒದಗಿಸುವ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ ಎಂದು 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಗೊತ್ತಾಯಿತು. ಆ ಕಿಣ್ವ ಯೂನಿಪ್ರಾಟ್ ಎಂಬ ಪ್ರೋಟೀನ್ ದತ್ತಸಂಚಯದಲ್ಲಿ ಪಿ53396 ಎಂಬ ಸಂಖ್ಯೆಯಲ್ಲಿದೆ. ಅದೇ ಸಂಖ್ಯೆಯನ್ನು ಹಿಡಿದು ಔಷಧಿಗಳ ದತ್ತಸಂಚಯಕ್ಕೆ ಹೋದರೆ ಬೆಂಪಿಡೋಯಿಕ್ ಆಮ್ಲ ಸಿಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಈ ಕೊಲೆಸ್ಟ್ರಾಲ್ ಔಷಧಿ ತಡೆಯುವುದೂ ಇದೇ ಕಿಣ್ವವನ್ನು. ನಮ್ಮೂರಿನ ಹುಳಿಯಿಂದ ಆಧುನಿಕ ಔಷಧಿಯವರೆಗೆ ನಾಲ್ಕೇ ಹೆಜ್ಜೆ, ಪ್ರತಿ ಹೆಜ್ಜೆಗೂ ಬೇರೆ ದತ್ತಸಂಚಯ.

ಇಲ್ಲಿಗೆ ನಿಲ್ಲಿಸಿದರೆ ನಾನು ಸುಳ್ಳು ಭರವಸೆ ಕೊಟ್ಟಂತಾಗುತ್ತದೆ. ಇದೇ ಕೊಂಡಿಯನ್ನು ನಂಬಿ ತೂಕ ಇಳಿಸುವ ಗಾರ್ಸೀನಿಯಾ ಮಾತ್ರೆಗಳು ಜಗತ್ತಿನಾದ್ಯಂತ ಮಾರಾಟವಾದವು. 1998ರಲ್ಲಿ 135 ಜನರ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲಿ, ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರ ವರದಿಗಳೂ ಬಂದವು. ಅಂಥ ರೋಗಿಗಳ ದಾಖಲೆಗಳನ್ನು ಅವರ ವಂಶವಾಹಿ ಮಾಹಿತಿಯೊಂದಿಗೆ ಜೋಡಿಸಿ ನೋಡಿದ ಅಮೆರಿಕದ ಸಂಶೋಧಕರು, ರೋಗನಿರೋಧಕ ವ್ಯವಸ್ಥೆಯ ಒಂದು ನಿರ್ದಿಷ್ಟ ವಂಶವಾಹಿ ರೂಪ ಅವರಲ್ಲಿ ಮಾಮೂಲಿಗಿಂತ ಹೆಚ್ಚಾಗಿದೆ ಎಂದು 2022ರಲ್ಲಿ ವರದಿ ಮಾಡಿದರು. ಸಾರಿಗೆ ಹಾಕುವ ಒಂದು ಚಮಚ ಕಾಚಂಪುಳಿಯೂ ಗಟ್ಟಿ ಸಾರ ತುಂಬಿದ ಮಾತ್ರೆಯೂ ಒಂದೇ ಅಲ್ಲ, ಯಾರೂ ಹೆದರಬೇಕಾಗಿಲ್ಲ. ನನ್ನ ಮಾತಿನ ಅರ್ಥ ಇಷ್ಟೇ: ದತ್ತಸಂಚಯಗಳನ್ನು ಅಗೆದಾಗ ಸಿಗುವುದು ಒಳ್ಳೆಯ ಪ್ರಶ್ನೆ. ಉತ್ತರವನ್ನು ತೋಟದಲ್ಲಿ, ಪ್ರಯೋಗಾಲಯದಲ್ಲಿ, ಆಸ್ಪತ್ರೆಯಲ್ಲಿ ಪರೀಕ್ಷಿಸಿಯೇ ಪಡೆಯಬೇಕು.

ಈಗ ಬೆಳೆರೋಗದ ಕಡತಕ್ಕೆ ಬರುತ್ತೇನೆ, ಬೆಳೆಗಾರರಿಗೆ ನೇರವಾಗಿ ತಟ್ಟುವುದು ಇದೇ. ಕಾಫಿಗೂ ಕೊಳೆರೋಗ ಬರುತ್ತದೆ, ಅಡಿಕೆಗೂ ಕೊಳೆರೋಗ ಬರುತ್ತದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಶಿಲೀಂಧ್ರಶಾಸ್ತ್ರಜ್ಞರು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು. ಆಮೇಲೆ ಅದು ಕಾರ್ಟಿಸಿಯಂ ಕೊಳೆರೋಗವಾಯಿತು, ಕೊಳೆರೋಗ ನಾಕ್ಸಿಯಾ ಆಯಿತು, 1999ರಲ್ಲಿ ಸೆರಾಟೋಬೇಸಿಡಿಯಂ ನಾಕ್ಸಿಯಂ ಆಯಿತು. ಒಂದೇ ಜೀವಿಗೆ ನಾಲ್ಕು ಹೆಸರು, ನಾಲ್ಕು ಕಾಲದ ಪ್ರಬಂಧಗಳಲ್ಲಿ. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ, ಅದಕ್ಕೂ ಇದಕ್ಕೂ ನಂಟೇ ಇಲ್ಲ. ಅದು ನಿಜವಾದ ಶಿಲೀಂಧ್ರ ಕೂಡ ಅಲ್ಲ. ಈಗ ಎರಡು ಇಲಾಖೆಗಳ ಕಡತಗಳನ್ನು ‘ಕೊಳೆರೋಗ’ ಎಂಬ ಪದವನ್ನಷ್ಟೇ ನಂಬಿ ಜೋಡಿಸಿದರೆ ಕಂಪ್ಯೂಟರು ಕಾಫಿಯ ರೋಗವನ್ನು ಅಡಿಕೆಯ ತಲೆಗೆ ಕಟ್ಟುತ್ತದೆ. ಜೀವಿಯ ಸಂಖ್ಯೆಯನ್ನು ಆಧರಿಸಿ ಜೋಡಿಸಿದರೆ ಬೇರೆಯದೇ ಚಿತ್ರ ಬರುತ್ತದೆ. ಅಡಿಕೆಯನ್ನು ಕೊಳೆಸುವ ಫೈಟೋಫ್ತೊರಾ ಮೀಡಿಯೈ ಏಲಕ್ಕಿಯ ಕಾಯಿಯನ್ನೂ ಕೊಳೆಸುತ್ತದೆ, ರಬ್ಬರಿನ ಎಲೆಯನ್ನೂ ಉದುರಿಸುತ್ತದೆ. ಅದರ ದಾಯಾದಿ ಫೈಟೋಫ್ತೊರಾ ಕ್ಯಾಪ್ಸಿಸಿ ನಮ್ಮ ಕರಿಮೆಣಸಿಗೆ ಶೀಘ್ರ ಸೊರಗು ರೋಗ ತರುತ್ತದೆ. ಅಡಿಕೆ, ಏಲಕ್ಕಿ, ಮೆಣಸು ಮೂರೂ ಒಂದೇ ತೋಟದಲ್ಲಿರುವ ನಮ್ಮ ಜಿಲ್ಲೆಯಲ್ಲಿ ಅವುಗಳ ರೋಗದ ಲೆಕ್ಕ ಬೇರೆ ಬೇರೆ ಕಡೆ ಕೂತಿದೆ. ಒಂದು ಬೆಳೆಯಲ್ಲಿ ರೋಗ ಕಂಡ ಹೊತ್ತಿಗೆ ಪಕ್ಕದ ಬೆಳೆಗೆ ಎಚ್ಚರಿಕೆ ಕೊಡಲು ಸಾಧ್ಯವೇ ಎಂದು ನೋಡುವುದಕ್ಕಾದರೂ ಈ ಲೆಕ್ಕಗಳು ಒಂದೆಡೆ ಸೇರಬೇಡವೇ?

ಅಡಿಕೆ ಕೊಳೆರೋಗದ ಬಗ್ಗೆ 1910ರಲ್ಲೇ ವಿವರವಾಗಿ ಬರೆದ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರಕ್ಕೂ ಕಾರಣರಾದರು. ಆ ಕಾಲದಲ್ಲಿ ಅಡಿಕೆ ಮತ್ತು ಕಾಫಿ ಎರಡೂ ಒಬ್ಬನೇ ವಿಜ್ಞಾನಿಯ ತಲೆಯಲ್ಲಿದ್ದವು. ಈಗಿನ ವಿಜ್ಞಾನದ ಹರಹಿಗೆ ಅದು ಯಾರಿಂದಲೂ ಆಗದ ಮಾತು. ಆ ಕೆಲಸವನ್ನು ಕೊಂಡಿ ಹಾಕಿದ ದಾಖಲೆಗಳೇ ಮಾಡಬೇಕು.

ಬಿಳಿ ಕಾಂಡಕೊರಕದ್ದು ಇನ್ನೂ ಸ್ಪಷ್ಟ. ಅರೇಬಿಕಾ ಕಾಫಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವ ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ನೆರಳು ಕಡಿಮೆಯಾದಲ್ಲಿ ಕಾಟ ಹೆಚ್ಚು ಎಂದು ಎಲ್ಲ ಬೆಳೆಗಾರರಿಗೂ ಗೊತ್ತು. ಆದರೆ ಯಾವ ಜಾತಿಯ ಮರ ಹೋದಾಗ, ಎಷ್ಟು ಹೋದಾಗ, ಎಷ್ಟು ವರ್ಷದ ನಂತರ, ಹಾರಾಟದ ಕಾಲದ ಮಳೆ ಹೇಗಿದ್ದಾಗ? ಮರ ಕಡಿದ ಅನುಮತಿ, ಕಾಂಡಕೊರಕದ ಸಮೀಕ್ಷೆ, ತೋಟದ ಮಳೆ ಪುಸ್ತಕ ಈ ಮೂರನ್ನು ಊರು ಮತ್ತು ದಿನಾಂಕದ ಮೇಲೆ ಜೋಡಿಸಿದರೆ ಇದಕ್ಕೆ ಉತ್ತರದ ಜಾಡು ಸಿಗುತ್ತದೆ. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟಗಳು ಈ ಜಾಡಿಗಾಗಿ ಕಾಯುತ್ತಿವೆ. ಕಾಫಿಯ ಎಲೆ ತುಕ್ಕು ರೋಗದ ವಿಷಯದಲ್ಲೂ ಹಾಗೆಯೇ. ನಮ್ಮ ಎಸ್. 795 ತಳಿಗೆ ಲೈಬೀರಿಕಾ ಕಾಫಿಯಿಂದ ಬಂದ ಎಸ್‌ಎಚ್3 ಎಂಬ ನಿರೋಧಕ ವಂಶವಾಹಿಯ ಹಿನ್ನೆಲೆಯಿದೆ. ರೊಬಸ್ಟಾ ಕಾಫಿಯ ಜೀನೋಮ್ (ಇಡೀ ವಂಶವಾಹಿ ಮಾಹಿತಿ) 2014ರಲ್ಲೂ ಅರೇಬಿಕಾದ ವಿಸ್ತೃತ ಜೀನೋಮ್ 2024ರಲ್ಲೂ ಪ್ರಕಟವಾಗಿ ಜಗತ್ತಿಗೆಲ್ಲ ಮುಕ್ತವಾಗಿವೆ. ಆ ಕಡೆಯ ದತ್ತ ಸಿದ್ಧವಾಗಿದೆ. ಯಾವ ತೋಟದಲ್ಲಿ ಯಾವ ತಳಿಗೆ ಯಾವ ವರ್ಷ ತುಕ್ಕು ಹಿಡಿಯಿತು ಎಂಬ ನಮ್ಮ ಕಡೆಯ ದತ್ತವೇ ಚದುರಿದೆ.

ಜೋಡಿಸುವಾಗ ಎಚ್ಚರ ಬೇಕಾದ ಕಡೆಗಳನ್ನೂ ಹೇಳಿಬಿಡುತ್ತೇನೆ. ಪರಸ್ಪರ ಏನೇನೂ ಸಂಬಂಧವಿಲ್ಲದ ಸಾವಿರ ಜೋಡಿಗಳನ್ನು ತೆಗೆದುಕೊಂಡು, ಆಕಸ್ಮಿಕ ಹೋಲಿಕೆಗೆ ಶೇ 5ರಷ್ಟು ಅವಕಾಶ ಬಿಡುವ ಮಾಮೂಲಿ ಅಳತೆಗೋಲಿನಲ್ಲಿ ಪರೀಕ್ಷಿಸಿದರೂ ಸುಮಾರು 50 ಜೋಡಿಗಳು ಸಂಬಂಧವಿದ್ದಂತೆ ತೋರುತ್ತವೆ. ಅವು ಬರೀ ಆಕಸ್ಮಿಕ. ಅದಕ್ಕೆ ತಕ್ಕ ಸಂಖ್ಯಾಶಾಸ್ತ್ರದ ತಿದ್ದುಪಡಿ ಮಾಡದೆ ಯಾವ ‘ಸಂಶೋಧನೆ’ಯನ್ನೂ ಪತ್ರಿಕೆಗೆ ಕೊಡಬಾರದು. ಸಮೀಕ್ಷೆ ಮಾಡುವವರು ರಸ್ತೆ ಬದಿಯಲ್ಲೇ ಹೆಚ್ಚು ಓಡಾಡುವುದರಿಂದ ಅಪರೂಪದ ಗಿಡಗಳೆಲ್ಲ ರಸ್ತೆ ಬದಿಯಲ್ಲೇ ಬೆಳೆಯುತ್ತವೆ ಎಂಬ ಭ್ರಮೆ ಹುಟ್ಟುವುದೂ ಉಂಟು. ಇನ್ನು ಎಕ್ಸೆಲ್. ವಂಶವಾಹಿಗಳ ಹೆಸರನ್ನು ಅದು ತಾನಾಗಿ ದಿನಾಂಕವೆಂದು ಬದಲಾಯಿಸಿ, ಎಕ್ಸೆಲ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಭಾಗ ಕೆಟ್ಟಿತ್ತು ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು. ನಮ್ಮ ಕಚೇರಿಗಳ ಪಟ್ಟಿಗಳೂ ಎಕ್ಸೆಲ್‌ನಲ್ಲೇ ಇವೆ.

ಇದಕ್ಕೆಲ್ಲ ಒಂದು ಒಳ್ಳೆಯ ಪದ್ಧತಿ ಈಗಾಗಲೇ ಇದೆ. ಹಣ್ಣಿನ ನೊಣ, ಯೀಸ್ಟ್, ಇಲಿ ಈ ಮೂರು ಜೀವಿಗಳ ದತ್ತಸಂಚಯ ನೋಡಿಕೊಳ್ಳುತ್ತಿದ್ದವರು 1998ರಲ್ಲಿ ಸೇರಿ ಜೀನ್ ಆಂಟಾಲಜಿ ಎಂಬ ಸಮಾನ ಪದಕೋಶ ಆರಂಭಿಸಿದರು. ಅಲ್ಲಿ ವಂಶವಾಹಿಯ ಬಗ್ಗೆ ಹೇಳುವ ಪ್ರತಿ ಮಾತಿನ ಪಕ್ಕದಲ್ಲೂ ಅದು ಹೇಗೆ ಗೊತ್ತಾಯಿತು ಎಂಬ ಸಂಕೇತವಿರುತ್ತದೆ. ಪ್ರಯೋಗದಿಂದಲೋ, ಹೋಲಿಕೆಯಿಂದಲೋ, ಕಂಪ್ಯೂಟರು ತಾನೇ ಊಹಿಸಿದ್ದೋ ಎಂಬುದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ದಾಖಲಾತಿಯ ಪ್ರತಿ ಸಾಲಿಗೂ ಇಂಥ ಗುರುತು ಬೇಕು. ಕಣ್ಣಾರೆ ಕಂಡದ್ದು, ಮಾದರಿ ಸಂಗ್ರಹಿಸಿದ್ದು, ಹಿರಿಯರು ಹೇಳಿದ್ದು, ಪುಸ್ತಕದಿಂದ ನಕಲಿಸಿದ್ದು ಇವನ್ನೆಲ್ಲ ಒಂದೇ ತೂಕದಲ್ಲಿ ಅಳೆಯಬಾರದು. ಹಿರಿಯರ ಮಾತಿಗೆ ಬೆಲೆ ಕಡಿಮೆ ಎಂದು ಹೇಳುತ್ತಿಲ್ಲ. ಅದು ಯಾರ ಮಾತು ಎಂಬುದು ಅಳಿಸಿಹೋಗಬಾರದು ಎನ್ನುತ್ತಿದ್ದೇನೆ.

ಏಕೆಂದರೆ ಕೊನೆಗೆ ಬರುವುದು ಹಕ್ಕಿನ ಪ್ರಶ್ನೆಗೇ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣದ ಮನೆ ನಮ್ಮಲ್ಲಿ ವಿರಳ. ಜಸ್ಟೀಸಿಯಾ ವಯನಾಡೆನ್ಸಿಸ್ ಎಂಬ ಆ ಗಿಡದ ಬಗ್ಗೆ ಪ್ರಯೋಗಾಲಯದ ಪ್ರಬಂಧಗಳು ಬಂದಿವೆ. ಕಾಡಿನ ಸೊಪ್ಪುಸದೆಯ ಬಗ್ಗೆ ಯರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು ಬಲ್ಲಷ್ಟು ಬೇರೆ ಯಾರೂ ಬಲ್ಲವರಿಲ್ಲ. ಅರಿಸಿನಕ್ಕೆ ಗಾಯ ಮಾಯಿಸುವ ಗುಣವಿದೆ ಎಂದು 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ದಾಖಲೆಗಳನ್ನು ತೋರಿಸಿ 1997ರಲ್ಲಿ ರದ್ದು ಮಾಡಿಸಿತು. ಬರೆದಿಟ್ಟದ್ದು ಕಾಪಾಡಿತು ನಿಜ. ಹಾಗೆಂದು ಎಲ್ಲವನ್ನೂ ಬಯಲಿಗಿಟ್ಟರೆ ಕದಿಯುವವರ ಕೆಲಸ ಸುಲಭವಾಗುತ್ತದೆ. ಆದ್ದರಿಂದ ಗಿಡದ ಹೆಸರು, ರೋಗ, ಮಳೆ ಎಲ್ಲರಿಗೂ ಮುಕ್ತವಾಗಿರಲಿ. ಔಷಧ ಜ್ಞಾನದ ಸಾಲುಗಳನ್ನು ಆಯಾ ಸಮುದಾಯದ ಮತ್ತು ಸಮಿತಿಯ ಒಪ್ಪಿಗೆಯಿಲ್ಲದೆ ತೆರೆಯಬಾರದು. ಅಪರೂಪದ ಗಿಡ, ಆರ್ಕಿಡ್, ದೇವರಕಾಡಿನ ಒಳಗಿನ ಮರ ಇವುಗಳ ನಿಖರ ಸ್ಥಳವನ್ನು ಸಾರ್ವಜನಿಕ ನಕ್ಷೆಯಲ್ಲಿ ಮಸುಕಾಗಿಸಿ ತೋರಿಸಲಿ. ಕೋಪನ್‌ಹೇಗನ್‌ನಲ್ಲಿ ಕಚೇರಿಯಿರುವ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲದವರೂ ಸೂಕ್ಷ್ಮ ಪ್ರಭೇದಗಳ ವಿಷಯದಲ್ಲಿ ಇದನ್ನೇ ಸೂಚಿಸುತ್ತಾರೆ.

ಹೀಗೆ ಆರಂಭಿಸಬಹುದು. ಇಡೀ ಜಿಲ್ಲೆ ಬೇಡ, ಮೊದಲು ಸೋಮವಾರಪೇಟೆ ತಾಲ್ಲೂಕನ್ನು ತೆಗೆದುಕೊಳ್ಳಿ. ಜನತಾ ಜೀವವೈವಿಧ್ಯ ದಾಖಲಾತಿ, ಬೆಳೆರೋಗ ಮತ್ತು ಕೀಟದ ಸಮೀಕ್ಷೆ, ಮಳೆ ಈ ಮೂರೇ ದಾಖಲೆ ಸಾಕು. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತನ್ನಿ, ಅದಕ್ಕೆ ಪರಿವರ್ತಕ ತಂತ್ರಾಂಶಗಳಿವೆ. ಸ್ಥಳೀಯ ಹೆಸರಿಗೆ ಎದುರಾಗಿ ವೈಜ್ಞಾನಿಕ ಹೆಸರನ್ನೂ ಅಂತರರಾಷ್ಟ್ರೀಯ ಸಂಖ್ಯೆಯನ್ನೂ ತುಂಬುವ ಕೆಲಸವನ್ನು ಪೊನ್ನಂಪೇಟೆಯ ಅರಣ್ಯ ವಿದ್ಯಾರ್ಥಿಗಳಿಗೆ, ಊರಿನ ಹಿರಿಯರ ಜೊತೆ ಕೂರಿಸಿ, ಸಂಭಾವನೆ ಕೊಟ್ಟು ಒಪ್ಪಿಸಿ. ಪುಕ್ಕಟೆ ಮಾಡಿಸಿದರೆ ಅಂಕಣಗಳು ಮತ್ತೆ ಖಾಲಿಯೇ ಉಳಿಯುತ್ತವೆ. ರೋಗಾಣುಗಳ ಡಿಎನ್‌ಎ ಓದಿಸಿದಾಗ ಆ ದತ್ತವನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತ ಕೇಂದ್ರದಲ್ಲಿ ಇರಿಸಿ, 2022ರಿಂದ ಈ ಕೆಲಸಕ್ಕೆಂದೇ ಅದು ಇದೆ. ಪ್ರತಿ ದಾಖಲೆಗೂ ಒಬ್ಬರು ಜವಾಬ್ದಾರರಿರಲಿ, ತಪ್ಪು ಕಂಡವರು ಅವರಿಗೆ ಬರೆದರೆ ತಿದ್ದುವ ವ್ಯವಸ್ಥೆ ಇರಲಿ. ಬೆಳೆಗಾರರು ಕನ್ನಡದಲ್ಲೇ ಪ್ರಶ್ನೆ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವಂತಿರಲಿ. ಇಂಗ್ಲಿಷ್ ಬಲ್ಲವರಿಗೆ ಮಾತ್ರ ತೆರೆಯುವ ಬಾಗಿಲಿಗೆ ಸಾರ್ವಜನಿಕ ಹಣ ಖರ್ಚು ಮಾಡಬೇಡಿ.

ಈ ದಾಖಲೆಗಳನ್ನು ಕಾಯುತ್ತಿರುವ ಎಲ್ಲ ಇಲಾಖೆಗಳ ಸಿಬ್ಬಂದಿಯನ್ನು, ಅಧಿಕಾರಿಗಳ ಜೊತೆ ಕಡತ ನೋಡಿಕೊಳ್ಳುವ ಗುಮಾಸ್ತರನ್ನೂ ಸೇರಿಸಿ, ಮಡಿಕೇರಿಯಲ್ಲಿ ಒಂದು ದಿನ ಒಟ್ಟಿಗೆ ಕೂರಿಸಿ ಎಂದು ಜಿಲ್ಲಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಯಾರ ಬಳಿ ಯಾವ ವರ್ಷದಿಂದ ಯಾವ ರೂಪದಲ್ಲಿ ಏನಿದೆ ಎಂಬ ಪಟ್ಟಿ ಅಂದೇ ಸಿದ್ಧವಾಗಲಿ, ಅದನ್ನು ಸಾರ್ವಜನಿಕರಿಗೂ ಪ್ರಕಟಿಸಲಿ. ಮಳೆ ಪುಸ್ತಕ ಇಟ್ಟಿರುವ ಬೆಳೆಗಾರರು ಅದರ ಪುಟಗಳ ಚಿತ್ರ ತೆಗೆದು ಕೊಡಲಿ, ಇಂಚುಗಳನ್ನು ಮಿಲಿಮೀಟರಿಗೆ ಇಳಿಸಿ ದತ್ತಸಂಚಯಕ್ಕೆ ಸೇರಿಸುವ ಕೆಲಸಕ್ಕೆ ನಾನು ಸಂಬಳವಿಲ್ಲದೆ ದುಡಿಯಲು ಸಿದ್ಧ. ನಮ್ಮ ಮನೆಯ ಪುಸ್ತಕಗಳನ್ನು ಆ ಸಭೆಗೆ ತರುತ್ತೇನೆ.

ತಮ್ಮ ವಿಶ್ವಾಸಿ,
ಮಡಿಕೇರಿ ತಾಲ್ಲೂಕಿನ ಒಬ್ಬ ಬೆಳೆಗಾರ್ತಿ